ನಮ್ಮನೆ ಮದುವೆ ಅಂದ ಫಕ್ಕೀರಪ್ಪ

ಒಂದೂರಲ್ಲಿ ನೀಲವ್ವ ಅಂತ ಒಬ್ಬ ತಾಯಿ, ಅವಳಿಗೊಬ್ಬ ಮಗ ಫಕ್ಕೀರಪ್ಪ. ತಾಯಿ ಮದುವೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಮಗ ಅದನ್ನು ಕಂಪ್ಯೂಟರಿಗೆ ಹಾಕಿ, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಅವನಿಗೆ ಹೇಳಬೇಕಿತ್ತು, ತಾಯಿ ಅದನ್ನೇ ಮರೆಯುತ್ತಿದ್ದಳು.

ಈ ಸಲದ ಮದುವೆ ಅದೇ ಊರಿನ ಮುದುಕಿ ಹಂಪವ್ವನ ಮೊಮ್ಮಗಳದ್ದು. ಸೊಂಟ ಮುರಿದು ಮಲಗಿದ್ದ ಹಂಪವ್ವ ಮದುವೆಗೆ ಹೋಗಿರಲಿಲ್ಲ. ಆದರೆ ಮೊಮ್ಮಗಳಿಗೆ ಒಡಪು ಕಲಿಸಿದವಳು ಅವಳೇ. ಒಡಪು ಅಂದರೆ ಮದುಮಗಳು ಗಂಡನ ಹೆಸರನ್ನು ಹಾಡಿನಂಥ ಮಾತಿನೊಳಗೆ ಸೇರಿಸಿ ಹೇಳುವುದು. “ಆಕಿ ಆ ಹೆಸರು ಹೇಳೂದನ್ನ ನಾ ಕೇಳಬೇಕು ನೀಲವ್ವ. ಅದನ್ನ ಕೆಡಿಸಿದಿ ಅಂದ್ರ ಊರಾಗ ಯಾರೂ ನಿನ್ನ ಕರೀದಂಗ ಮಾಡ್ತೀನಿ” ಅಂದಿದ್ದಳು.

ಫಕ್ಕೀರಪ್ಪ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿಕೊಂಡ. ಪುಕ್ಕಟೆಯದಾದ್ದರಿಂದ ಅದು ವಿಡಿಯೋದ ಮೂಲೆಯಲ್ಲಿ ತನ್ನ ಹೆಸರು ಒತ್ತಿಬಿಟ್ಟಿತು. ನೀಲವ್ವ ಹಣೆ ಚಚ್ಚಿಕೊಂಡಳು. “ಹೆಸರು ಬಂದಲ್ಲೆಲ್ಲ ಮುಚ್ಚಬೇಕಲ್ಲೋ ಹುಚ್ಚಪ್ಪ.”

ಮುಚ್ಚಿದ. ಮೂಲೆಯ ಹೆಸರಿನ ಮೇಲೆ ಗುಲಾಬಿ ಇಟ್ಟ. ಮಂಟಪದ ಫಲಕದಲ್ಲಿ ವಧೂವರರ ಹೆಸರಿತ್ತು, ಅದರ ಮೇಲೂ ಗುಲಾಬಿ ಇಟ್ಟ. ಮದುಮಗಳು ಒಡಪಿನಲ್ಲಿ ಗಂಡನ ಹೆಸರು ತೆಗೆದಳು ನೋಡಿ, ಸರಿಯಾಗಿ ಅಲ್ಲೇ ಡೊಳ್ಳಿನ ಸದ್ದು ಹಾಕಿದ! ತಾಯಿ ಹಂಪವ್ವನ ಮಾತು ನೆನೆದು ಮಗನ ಕಿವಿ ಹಿಂಡಿದಳು. ನಮ್ಮ ಮಂದಿಯ ಹೆಸರು ಬಂದರೆ ಮುಚ್ಚಬಾರದು, ಇಡೀ ಓಣಿಗೆ ಕೇಳುವ ಹಾಗೆ ಮಾಡಬೇಕು ಅಂತ ಬೈದಳು. ಆಗಲಿ ಯವ್ವಾ, ಅಂದು ಡೊಳ್ಳು ತೆಗೆದ.

ಅಷ್ಟರಲ್ಲಿ ಇನ್ನೊಂದು ತಕರಾರು. ಪುಕ್ಕಟೆಯವರಿಗೆ ಹತ್ತೇ ನಿಮಿಷದ ವಿಡಿಯೋ ಅಂತೆ. ಹತ್ತು ನಿಮಿಷ ಆದದ್ದೇ ತಡ, ತಾಳಿ ಹಿಡಿದು ಕೈ ಎತ್ತಿದ ಮದುಮಗ ಎತ್ತಿದ ಹಾಗೇ ನಿಂತುಬಿಟ್ಟ. ಉದ್ದವಾದದ್ದನ್ನು ತುಂಡು ತುಂಡು ಮಾಡು ಅಂದಳು ತಾಯಿ. ಮಾಡಿದ.

ಕೊನೆಗೆ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತು: ಇದು ವ್ಯಾಪಾರಕ್ಕೋ, ಮನೆ ಬಳಕೆಗೋ? ವ್ಯಾಪಾರ ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ವಿಡಿಯೋ ಹೊರಗೆ ಬಿಡುವುದಿಲ್ಲ. ನೀಲವ್ವ ಅತ್ತಿತ್ತ ನೋಡಿ ಮೆಲ್ಲಗೆ ಅಂದಳು: “ವ್ಯಾಪಾರ ಅಲ್ಲ, ನಮ್ಮನಿ ಮದುವಿ ಅನ್ನು. ಯಾರ ಕೇಳಿದ್ರೂ ಹಂಗ ಅನ್ನು.”

ತಾಯಿ ಮಗ ಕಂಪ್ಯೂಟರ್ ಹೊತ್ತುಕೊಂಡು ಹಂಪವ್ವನ ಮನೆಗೆ ಹೋದರು. ಕಂಪ್ಯೂಟರಿನಿಂದ ಟಿವಿಗೆ ಎಳೆಯುವ ವಯರು ಉದ್ದವಾಗಿತ್ತು. ಫಕ್ಕೀರಪ್ಪ ಅದನ್ನೂ ತುಂಡು ತುಂಡು ಮಾಡಿ ತಾಯಿಯ ಕೈಗಿಟ್ಟ. ಏನು ಮಾಡುವುದು, ಕಂಪ್ಯೂಟರನ್ನೇ ಮುದುಕಿಯ ಮಂಚದ ಮೇಲಿಟ್ಟರು.

ಒಡಪು ಬಂತು. ಹೆಸರು ಬಂತು. ಬಂತು ಅಂದರೆ ನೆಲುವಿನಲ್ಲಿ ತೂಗುಹಾಕಿದ್ದ ಗಡಿಗೆ ಅಲುಗಾಡಿತು, ಓಣಿಯ ಮಂದಿಯೆಲ್ಲ ಓಡಿ ಬಂದರು! ಹಂಪವ್ವನಿಗೆ ಕಿವಿ ಮಂದ. ಆದರೂ ಅಕ್ಷರ ಅಕ್ಷರ ಕೇಳಿಸಿತು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಕು ಅಂದಳು. ಬಂದವರೆಲ್ಲ ನಮ್ಮ ಮದುವೆಗೂ ನೀಲವ್ವನೇ ಬೇಕು ಅಂದರು. ನೀಲವ್ವನಿಗೆ ಕಾಲು ನೆಲದ ಮೇಲಿಲ್ಲ.

ಹಂಪವ್ವ ಎಲೆಯಡಿಕೆ ಚೀಲ ಬಿಚ್ಚಿ ದುಡ್ಡು ಕೊಡಲು ಕೈ ಚಾಚಿದಳು. ಫಕ್ಕೀರಪ್ಪ ಅವಳ ಕೈ ಹಿಡಿದ.

“ಬ್ಯಾಡ ಆಯಿ. ಇದು ವ್ಯಾಪಾರ ಅಲ್ಲ, ನಮ್ಮನಿ ಮದುವಿ.”

“ನಿಮ್ಮನಿ ಮದುವಿ? ಹಂಗಾದ್ರ ಮುಯ್ಯಿ ಎಲ್ಲೈತೋ?” ಅಂದು ಮುದುಕಿ ನಕ್ಕಳು. ಮದುವೆಯಲ್ಲಿ ಬಂಧುಗಳು ಕೊಡುವ ಕಾಣಿಕೆಗೆ ಮುಯ್ಯಿ ಅನ್ನುತ್ತಾರೆ. ಕೊಟ್ಟವರ ಹೆಸರನ್ನು ಎಲ್ಲರೆದುರು ಕೂಗಿ ಹೇಳುತ್ತಾರೆ. ಕೊಟ್ಟದ್ದನ್ನು ತಿರುಗಿ ಕೇಳುವ ಹಾಗಿಲ್ಲ.

ಹೌದಲ್ಲ ಅನ್ನಿಸಿತು ಫಕ್ಕೀರಪ್ಪನಿಗೆ. ತಾಯಿಯ ಹೆಗಲಿನಿಂದ ಕ್ಯಾಮೆರಾ ಬಿಡಿಸಿದ, ಕುಂಕುಮ ಹಚ್ಚಿದ, ಹಂಪವ್ವನ ಮಡಿಲಿಗಿಟ್ಟ. ನಮ್ಮ ಮಂದಿಯ ಹೆಸರಲ್ಲವೇ? ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದ:

“ನಮ್ಮವ್ವ ನೀಲವ್ವನ ಮುಯ್ಯಿ, ಒಂದು ಕ್ಯಾಮೆರಾ!”