ಜೋಡಿ ಸೀನು ಮರೆತ ಡೀಬಗರ್

ಕಂಪ್ಯೂಟರಿನೊಳಗಿನ ಕಾಡಿನಲ್ಲಿ ಸ್ಕ್ರಿಪ್ಟ್ ಎಂಬ ಕತ್ತೆ ದಿನವೂ ಸಿಂಹರಾಜನಿಗೆ ಊಟ ಹೊತ್ತು ತರುತ್ತಿತ್ತು. ದಿನವೂ ಅದೇ ಗುಂಡಿಗೆ ಬಿದ್ದು ಊಟವನ್ನೆಲ್ಲ ಚೆಲ್ಲುತ್ತಿತ್ತು. ಹಸಿದ ಸಿಂಹ, "ನಾಳೆಯೂ ಊಟ ಬರದಿದ್ದರೆ ನಿನ್ನನ್ನೇ ತಿನ್ನುತ್ತೇನೆ" ಎಂದು ಗದರಿಸಿ, ತಪ್ಪು ಹುಡುಕಲು ಡೀಬಗರ್ ಎಂಬ ಕೊಬ್ಬಿದ ಆಡನ್ನು ನೇಮಿಸಿತು.

ಕತ್ತೆ ಆಡಿಗೆ ಹೇಳಿತು: "ಸ್ವಾಮಿ, ನನ್ನನ್ನು ತಪಾಸಣೆ ಮಾಡುವವರು ಯಾರೇ ಆಗಲಿ, ನಿಯಮ ಒಂದೇ. ಒಂಟಿ ಸೀನು ಅಪಶಕುನ, ಕೇಳಿದೊಡನೆ ನಿಂತು ಹೇರು ಬಿಚ್ಚಿ ತೋರಿಸುತ್ತೇನೆ. ಜೋಡಿ ಸೀನು ಸೀನಿದರೆ ಮುಂದೆ ಹೊರಡುತ್ತೇನೆ. ನನಗೆ ಸ್ವಂತ ಬುದ್ಧಿಯಿಲ್ಲ."

ಮರುದಿನ ಗುಂಡಿಯ ಅಂಚಿನಲ್ಲಿ ಆಡು ಒಮ್ಮೆ ಸೀನಿತು. ಕತ್ತೆ ನಿಂತಿತು. ಆಡು ಹೇರನ್ನು ಮೂಸಿತು, ಗೊರಸುಗಳನ್ನೂ ಮೂಸಿತು. "ಎಲ್ಲ ಸರಿಯಿದೆ! ಗುಂಡಿಗೂ ಬೀಳಲಿಲ್ಲ!" ಎಂದು ಕುಣಿಯುತ್ತಾ ಸಿಂಹದ ಗುಹೆಗೆ ಓಡಿತು. "ಸ್ವಾಮಿ, ಜೋಡಿ ಸೀನು!" ಎಂದು ಕತ್ತೆ ಕೂಗಿದ್ದು ಅದಕ್ಕೆ ಕೇಳಿಸಲೇ ಇಲ್ಲ.

"ಮಹಾಪ್ರಭು, ದೋಷ ನಿವಾರಣೆಯಾಯಿತು. ಇವತ್ತು ಕತ್ತೆ ಬೀಳಲಿಲ್ಲ" ಎಂದಿತು ಆಡು.

"ಭೇಷ್! ಊಟವೆಲ್ಲಿ?"

"ಊಟ... ದಾರಿಯಲ್ಲೇ ನಿಂತಿದೆ, ಪ್ರಭು."

ಸಿಂಹ ಆಡನ್ನು ಕೊಂಬಿನಿಂದ ಬಾಲದವರೆಗೆ ನಿಧಾನವಾಗಿ ನೋಡಿತು.

"ಇಲ್ಲವಲ್ಲ, ಬಂದು ನಿಂತಿದೆ."