ಹೊಲಿಗಣ್ಣಿನ ಕೆರೆ

ಸೂಡಿಹಾಳದ ಪಡುವಣಕ್ಕೆ, ಎರೆಹೊಲಗಳು ಮುಗಿಯುವ ಕಡೆ, ಒಂದು ಕೆರೆ ಇದೆ. ದೊಡ್ಡದೇನಲ್ಲ. ಬಾಯಿಗೆ ಹಾಕಿದ ಎಲೆ ಅಡಿಕೆ ಮುಗಿಯುವುದರೊಳಗೆ ಏರಿಯ ಈ ತುದಿಯಿಂದ ಆ ತುದಿಗೆ ನಡೆದುಬಿಡಬಹುದು. ಆದರೆ ದೀಪಾವಳಿ ಕಳೆದು ಬಡಗಣ ಮುಗಿಲಿನಿಂದ ಹಕ್ಕಿಗಳು ಇಳಿಯತೊಡಗಿದವೆಂದರೆ ಅಲ್ಲಿ ನೀರು ಕಾಣುವುದಿಲ್ಲ, ಬರೀ ಬೆನ್ನು ಕಾಣುತ್ತದೆ. ಬಿಳಿ ತಲೆಯ ಹಿಂದೆ ಎರಡು ಕರಿಪಟ್ಟೆ ಎಳೆದುಕೊಂಡ ಹೆಬ್ಬಾತುಗಳು. ಹಿಮದ ಬೆಟ್ಟ ಹಾರಿ ಬರುತ್ತವಂತೆ, ಬಂದು ನಮ್ಮ ಕಡಲೆ ಹೊಲ ಮೇಯುತ್ತವೆ, ಶಿವರಾತ್ರಿ ಕಳೆದ ಮೇಲೆ ಹೊರಡುತ್ತವೆ. ಈಚೆಗೆ ಪುಷ್ಯಮಾಸದ ಒಂದು ಭಾನುವಾರ ಇಲ್ಲಿ ಹಕ್ಕಿ ಹಬ್ಬ ಮಾಡುತ್ತಾರೆ. ಶಾಲೆಯ ಮಕ್ಕಳು ರಟ್ಟಿನ ಕೊಕ್ಕು ಕಟ್ಟಿಕೊಂಡು ಏರಿಯ ಮೇಲೆ ಸಾಲಾಗಿ ಬರುತ್ತಾರೆ. ಪಟ್ಟಣದವರು ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ಎಣಿಸುತ್ತಾರೆ. ಎಣಿಕೆ ಇನ್ನೇನು ಮುಗಿಯಿತು ಅನ್ನುವಾಗ ಹಿಂಡು ಭರ್ರನೆ ಎದ್ದು ಬೇರೆ ಕಡೆ ಕೂರುತ್ತದೆ, ಪಾಪ, ಮತ್ತೆ ಒಂದರಿಂದ ಶುರು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ. ಹಸಿರು ಹಲಗೆಯ ಮೇಲೆ 'ಹೊಲಿಗಣ್ಣಿನ ಕೆರೆ' ಎಂದು ಬರೆದದ್ದನ್ನು ಓದಿ, ಇದೆಂಥ ಹೆಸರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೇಲಿನಿಂದ ನೋಡಿದರೆ ಕೆರೆ ಮುಚ್ಚಿದ ಕಣ್ಣಿನ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು ಎಂದು ಹಬ್ಬ ನಡೆಸುವವರು ಹೇಳುತ್ತಾರೆ. ಊರಿನ ಮುದುಕಿಯರು ಅದನ್ನು ಕೇಳಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಹೆಸರು ಮೇಲಿನಿಂದ ನೋಡಿ ಇಟ್ಟದ್ದಲ್ಲ.

ಹಿಂದೆ ಒಮ್ಮೆ, ಊರಿಗೆ ಊರೇ ದೇಸಾಯಿಯ ವಾಡೆಯ ಕಡೆ ಮುಖ ಮಾಡಿ ಬದುಕುತ್ತಿದ್ದ ಕಾಲದಲ್ಲಿ, ಇದೇ ಏರಿಯ ಮೇಲೆ ಬೇರೊಂದು ಹಬ್ಬ ನಡೆಯುತ್ತಿತ್ತು ಎನ್ನುತ್ತಾರೆ. ಅದಕ್ಕೆ ಕೆರೆಹಬ್ಬ ಎಂದು ಹೆಸರು. ಹಕ್ಕಿ ಬಂದು ತಿಂಗಳಾಗಿ ಮೈಗೆ ಕೊಬ್ಬು ಹತ್ತಿದ ಮೇಲೆ ದೇಸಾಯಿ ತನ್ನ ಬೀಗರನ್ನೂ ಸುತ್ತಲಿನ ಹತ್ತೂರ ಹಿರಿಯರನ್ನೂ ಕರೆಸಿ, ಏರಿಯ ಮೇಲೆ ಜಮಖಾನೆ ಹಾಸಿಸಿ, ಹಿಡಿದ ಹಕ್ಕಿಯನ್ನು ಅಲ್ಲೇ ಕೊಯ್ದು ಅಲ್ಲೇ ಉಣಬಡಿಸುತ್ತಿದ್ದ. ಹಿಡಿಯುವ ಬಗೆ ಹೀಗೆ: ಕುದುರೆ ಬಾಲದ ಕೂದಲಿನಿಂದ ಉರುಲು ಹೆಣೆದು, ಮೊಳಕಾಲುದ್ದ ನೀರಿನಲ್ಲಿ ಗೂಟ ಹೊಡೆದು ಸಾಲಾಗಿ ಕಟ್ಟುತ್ತಿದ್ದರು. ಆದರೆ ಹೆಬ್ಬಾತು ಬಲು ಹುಷಾರಿ ಹಕ್ಕಿ, ಕರೆಯದೆ ಇಳಿಯುವುದಿಲ್ಲ. ಅದಕ್ಕೆ ಮೊದಲೇ ಹಿಡಿದ ಆರೇಳು ಹಕ್ಕಿಗಳ ಕಣ್ಣಿನ ರೆಪ್ಪೆ ಹೊಲಿದು, ಕಾಲಿಗೆ ಕಲ್ಲು ಕಟ್ಟಿ, ಉರುಲುಗಳ ನಡುವೆ ಕೂರಿಸುತ್ತಿದ್ದರು. ಕಣ್ಣು ಕಾಣದ ಹಕ್ಕಿ ಹಗಲೆಲ್ಲ ಕತ್ತಲೆಂದು ತಿಳಿದು ತನ್ನವರನ್ನು ಕೂಗುತ್ತದೆ. ಕೂಗು ಕೇಳಿದ ತನ್ನವರು ಇಳಿಯುತ್ತಾರೆ. ಇಷ್ಟೇ ಉಪಾಯ. ಒಂದೇ ಒಂದು ತೊಂದರೆ ಎಂದರೆ, ವಾಡೆಯ ಆಳುಗಳು ಚೀಲ ಹೊಲಿಯುವ ದಬ್ಬಳದಿಂದ ಹೊಲಿದ ಕಣ್ಣು ಎರಡು ದಿನಕ್ಕೆ ಕೀವು ತುಂಬಿ ಹಕ್ಕಿ ಸತ್ತುಹೋಗುತ್ತಿತ್ತು.

ಆಗ ದೇಸಾಯಿಯ ಕಿವಿಗೆ ಉಡಚವ್ವನ ಹೆಸರು ಬಿತ್ತು. ಗಂಡ ಸತ್ತ ಹೆಂಗಸು, ಕೌದಿ ಹೊಲಿದು ಒಬ್ಬಳೇ ಮಗಳನ್ನು ಸಾಕಿದವಳು. ಅವಳ ಕೌದಿಯಲ್ಲಿ ಹಳೆ ಸೀರೆಯ ತುಂಡುಗಳು ಒಂದರೊಳಗೊಂದು ಹರಿದು ಬಂದ ಹಾಗೆ ಇರುತ್ತಿದ್ದವು. ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿದರೂ ಸಿಗದು. ಗಂಟನ್ನು ಒಳಮಡಿಕೆಗೆ ನುಂಗಿಸುವುದು ಅವಳ ಕೈಗೆ ಬಂದ ವಿದ್ಯೆ, ಗಂಟು ಹೊರಗೆ ಕಂಡರೆ ಆ ಕೌದಿಯನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ವಾಡೆಯ ಆಳು ಜಟ್ಟೆಪ್ಪ ಬಂದು, ವರ್ಷದ ಜೋಳ ವಾಡೆಯಿಂದ ಬರುತ್ತದೆ, ಹಕ್ಕಿಗಳ ಕಣ್ಣು ಹೊಲಿದುಕೊಡು ಎಂದಾಗ ಉಡಚವ್ವ ಮರುದಿನ ಒಪ್ಪಿಕೊಂಡಳು. ದಾರ ದಪ್ಪವೆಂದು ತನ್ನ ತಲೆಯ ಕೂದಲನ್ನೇ ಕಿತ್ತು ಸಣ್ಣ ಸೂಜಿಗೆ ಪೋಣಿಸಿದಳು. ಅವಳು ಹೊಲಿದ ಹಕ್ಕಿ ಒಂದೂ ಸಾಯಲಿಲ್ಲ. ಎರಡನೆಯ ವರ್ಷಕ್ಕೆ ಅವಳು ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, "ನನ್ನ ಕೈಯಾಗ ಒಂದು ಹನಿ ರಗತ ಬರೂದಿಲ್ಲ ನೋಡ್ರವ್ವಾ" ಎಂದು ಹೇಳಿಕೊಳ್ಳುವಷ್ಟಾದಳು. ಹಬ್ಬದ ದಿನ ಹರಿಯುವ ನೆತ್ತರು ತನ್ನದಲ್ಲ ಎಂದು ಅವಳ ಮನಸ್ಸು ನಂಬಿತ್ತು. ಹೊಟ್ಟೆ ತುಂಬಿದ ಮನಸ್ಸು ಬೇಗ ನಂಬುತ್ತದೆ, ಅದರಲ್ಲಿ ಅವಳ ತಪ್ಪೊಂದೇ ಅಲ್ಲ.

ಮಗಳು ಹೊಳೆವ್ವ. ಹದಿನೇಳರ ಹುಡುಗಿ, ಮದುವೆ ಗೊತ್ತಾಗಿತ್ತು. ಹೊಲಿದ ಹಕ್ಕಿಗಳು ಹಬ್ಬದವರೆಗೆ ಅವರ ಮನೆಯ ಬುಟ್ಟಿಗಳ ಕೆಳಗೆ ಇರುತ್ತಿದ್ದವು, ಅವಕ್ಕೆ ನೆನೆಸಿದ ಕಡಲೆ ತಿನ್ನಿಸುವುದು ಅವಳ ಕೆಲಸ. ಕಣ್ಣಿಲ್ಲದ ಹಕ್ಕಿಗೆ ಕಾಳನ್ನು ಕೊಕ್ಕಿಗೇ ತಾಗಿಸಬೇಕು. ಮೊದಲೆರಡು ದಿನ ಕಚ್ಚುತ್ತವೆ. ಮೂರನೆಯ ದಿನಕ್ಕೆ ಅಂಗೈ ಗುರುತು ಹಿಡಿದು ಕೈಯ ಹಿಂದೆಯೇ ಕತ್ತು ಚಾಚಿಕೊಂಡು ಬರುತ್ತವೆ. ಆ ವರ್ಷ ಒಂದು ಹಕ್ಕಿ ತಿಂದಾದ ಮೇಲೂ ಹೋಗದೆ ಅವಳ ಮಡಿಲಲ್ಲಿ ತಲೆ ಇಟ್ಟು ಕೂರುವುದನ್ನು ಕಲಿತಿತ್ತು.

"ಯವ್ವಾ, ಇದಕ್ಕ ಹಗಲು ಅಂದ್ರ ಏನಂತ ಮರತೇ ಹೋಗೇತಿ" ಎಂದಳು ಹೊಳೆವ್ವ.

"ಬಾತಿಗೇನು ಹಗಲು, ಏನು ರಾತ್ರಿ! ಕಾಳು ತಿನ್ನಸು, ಮಾತು ಸಾಕು. ನಾಳೆ ಅತ್ತಿ ಮನ್ಯಾಗ ಹಿಂಗ ಹಕ್ಕಿ ತೊಡಿಮ್ಯಾಲ ಹಾಕ್ಕೊಂಡು ಕುಂತ್ರ, ತಾಯಿ ಏನೂ ಕಲಿಸಿಲ್ಲ ಅಂತಾರ" ಎಂದು ಉಡಚವ್ವ ಸೂಜಿಗೆ ಕೂದಲು ಪೋಣಿಸುತ್ತಲೇ ನಕ್ಕಳು.

ಹಬ್ಬದ ಬೆಳಗ್ಗೆ ಹಕ್ಕಿಗಳನ್ನು ಕೆರೆಗೆ ಒಯ್ದು ಕಟ್ಟಲು ಹೋದವಳು ಹೊಳೆವ್ವನೇ. ಕಟ್ಟುವ ಮುಂಚೆ, ನೀರಿನಲ್ಲಿ ಬೆನ್ನು ತಿರುಗಿಸಿ ನಿಂತು, ಒಂದೊಂದು ಹಕ್ಕಿಯ ಬಿಳಿ ಮುಖದ ಮೇಲೆ ಎದ್ದು ಕಾಣುತ್ತಿದ್ದ ಕರಿ ಕೂದಲನ್ನು ಹಲ್ಲಿನಿಂದ ಕಡಿದಳು. ಕಾಲಿನ ಹಗ್ಗಕ್ಕೆ ಗಂಟು ಹಾಕಿದ ಹಾಗೆ ಮಾಡಿ ಹಾಕಲಿಲ್ಲ. ಹಕ್ಕಿಗಳು ಬೆಳಕಿಗೆ ಬೆರಗಾಗಿ ಗಳಿಗೆ ಹೊತ್ತು ಸುಮ್ಮನೆ ಕುಳಿತವು. ದೇಸಾಯಿ ಬಂದು ಕುಳಿತ, ಬೀಗರು ಬಂದು ಕುಳಿತರು, ಒಲೆ ಉರಿಯಿತು, ಎಣ್ಣೆ ಕಾಯಿತು. ಅಷ್ಟರಲ್ಲಿ ಆ ಏಳೂ ಹಕ್ಕಿಗಳು ಒಟ್ಟಿಗೆ ಎದ್ದು, ಬೆದರಿದ ಕೂಗು ಹಾಕಿ ಮೇಲೇರಿದವು. ಅವುಗಳ ಬೆನ್ನಿಗೆ ಕೆರೆಯ ಹಿಂಡೆಲ್ಲ ಎದ್ದುಹೋಯಿತು. ಉರುಲಿಗೆ ಒಂದು ಗರಿಯೂ ಸಿಗಲಿಲ್ಲ. ದೇಸಾಯಿಯ ಬೀಗ ಮೀಸೆ ತೀಡಿಕೊಂಡು, "ಏನ್ರೀ ಬೀಗರ, ಈ ಸಲ ಕೆರಿ ನೀರಿಗೇ ಒಗ್ಗರಣಿ ಹಾಕಸ್ತೀರೇನು?" ಎಂದ. ಏರಿಗೆ ಏರಿಯೇ ನಕ್ಕಿತು.

ದೇಸಾಯಿಯೂ ನಕ್ಕ. ಅವನು ಸಿಟ್ಟಿನವನಲ್ಲ, ಅದೇ ಅವನ ಕೆಟ್ಟತನ ಎನ್ನುತ್ತಾರೆ. ಹುಡುಗಿಯನ್ನು ಕರೆಸಿದ. ಹಲ್ಲಿನ ಸಂದಿಯಲ್ಲಿ ಇನ್ನೂ ಕೂದಲಿನ ತುಣುಕು ಇತ್ತು, ಬೇರೆ ಸಾಕ್ಷಿ ಬೇಕಾಗಲಿಲ್ಲ. "ಕರಿಯೋ ಹಕ್ಕಿ ಬಿಟ್ಟಾಕಿ ತಾನೇ ಕುಂತು ಕರೀಲಿ. ಜಟ್ಟೆಪ್ಪಾ, ದಬ್ಬಳ ತಾ" ಎಂದ. ಜೋಳದ ಚೀಲ ಹೊಲಿಯುವ, ಬೆರಳುದ್ದದ, ಬಾಗಿದ ಮೂತಿಯ ದಬ್ಬಳ. ಜಟ್ಟೆಪ್ಪ ಅದಕ್ಕೆ ಸೆಣಬಿನ ದಾರ ಪೋಣಿಸುವುದನ್ನು ಉಡಚವ್ವ ನೋಡಿದಳು. ಆ ದಬ್ಬಳ ಹಕ್ಕಿಗಳ ಕಣ್ಣಿಗೆ ಏನು ಮಾಡುತ್ತಿತ್ತೆಂದು ಆ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕಾಲು ಹಿಡಿದಳು, ಬೇಡಿದಳು. ದೇಸಾಯಿ ಬೀಗನ ಜೊತೆ ಬೇರೆ ಮಾತು ಶುರು ಮಾಡಿದ್ದ. ಜಟ್ಟೆಪ್ಪ ಹುಡುಗಿಯ ತಲೆ ಹಿಡಿದಾಗ ಉಡಚವ್ವ ಎದ್ದು ನಿಂತು, "ದಬ್ಬಳ ಬ್ಯಾಡ್ರಿ ದೇಸಾಯರ, ನಾನ ಹೊಲಿತೀನಿ" ಎಂದಳು. ಏರಿಯ ಮೇಲೆ ನೋಡಲು ನೆರೆದಿದ್ದ ಊರಿನ ಹೆಂಗಸರು ಗಂಡಸರಲ್ಲಿ ಆಗ ಯಾರೂ ನಗಲಿಲ್ಲ ಎನ್ನುತ್ತಾರೆ, ಆದರೆ ಎದ್ದು ಹೋದವರೂ ಇಲ್ಲ.

ಮಗಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಜಡೆಯಿಂದಲೇ ಒಂದು ಕೂದಲು ತೆಗೆದಳು. ಸಣ್ಣ ಸೂಜಿ, ರೆಪ್ಪೆಯ ಅಂಚಿನ ತೊಗಲಷ್ಟೇ ಹಿಡಿಯಬೇಕು, ಕಣ್ಣಿಗೆ ತಾಗಬಾರದು, ಸಂಜೆ ಬಿಚ್ಚಲು ಸುಲಭವಾಗುವಂತೆ ಗಂಟು ಹೊರಗೆ ಬಿಡಬೇಕು: ಇಷ್ಟನ್ನೇ ಜಪದ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. "ಸಂಜಿಗೆ ಬಿಚ್ಚತೀನವ್ವ, ಅಲುಗಬ್ಯಾಡ" ಎಂದಳು. ಹೊಳೆವ್ವ ಅಲುಗಲಿಲ್ಲ. ಒಂದು ಹನಿ ರಕ್ತ ಬರಲಿಲ್ಲ. ದೇಸಾಯಿಯ ಬೀಗ ಬಗ್ಗಿ ನೋಡಿ, ಭಲೆ ಎಂದ.

ನೀರಿನ ನಡುವಿನ ಬಂಡೆಯ ಮೇಲೆ ಅವಳನ್ನು ಕೂರಿಸಿ ಕಾಲಿಗೆ ಕಲ್ಲು ಕಟ್ಟಿದರು. ಕೂಗು ಎಂದರು. ಅವಳು ತುಟಿ ಬಿಚ್ಚಲಿಲ್ಲ. ಬೀಗರಿಗೆ ಬೇಸರ ಬಂತು, ಹಸಿವಾಯಿತು, ದೇಸಾಯಿ ಅವರನ್ನು ಕರೆದುಕೊಂಡು ಪಕ್ಕದೂರಿನ ಕುಸ್ತಿ ನೋಡಲು ಗಾಡಿ ಹೂಡಿಸಿಕೊಂಡು ಹೋದ. ಹೋಗುವಾಗ ಹುಡುಗಿಯ ವಿಷಯ ಏನೂ ಹೇಳಲಿಲ್ಲ. ಸಂಜೆ ಉಡಚವ್ವ ನೀರಿಗಿಳಿದರೆ ಕಾವಲಿಗಿದ್ದ ಜಟ್ಟೆಪ್ಪ ಅಡ್ಡ ನಿಂತ. "ಹೇಳಿ ಹೋಗಿಲ್ಲವ್ವಾ. ನಾ ಬಿಚ್ಚಿದ್ರ ನನ್ನ ಕಣ್ಣು ಹೊಲಿಸ್ತಾನ, ಅದಕೂ ನಿನ್ನನ್ನ ಕರಸ್ತಾನ" ಎಂದ. ಮರುದಿನ ವಾಡೆಯ ಬಾಗಿಲಿಗೆ ಹೋಗಿ ಕುಳಿತಳು, ದೇಸಾಯಿ ಬಂದಿರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೆರೆಯಲ್ಲಿ ಹಗಲು ಬಿಸಿಲು, ಇಳಿಹೊತ್ತಿಗೆ ನೀರಿನ ಮೇಲಿನ ಚಳಿಗಾಳಿ. ಹಕ್ಕಿಗಳು ಮೆಲ್ಲಗೆ ಹಿಂದಿರುಗಿ ಬಂಡೆಯ ಸುತ್ತ ಕುಳಿತವಂತೆ, ಹುಡುಗಿ ಆಗಲೂ ಉಸಿರೆತ್ತಲಿಲ್ಲವಂತೆ. ಹಬ್ಬ ಕಳೆದ ಮೂರನೆಯ ದಿನ ಮಧ್ಯಾಹ್ನ ಗಾಡಿ ಊರು ಮುಟ್ಟಿತು. ದೇಸಾಯಿ ಕೆಳಗಿಳಿದು, ಬಾಗಿಲಲ್ಲಿ ಕುಳಿತ ಉಡಚವ್ವನನ್ನು ನೋಡಿ ನೆನಪಾಗಿ, "ಹೌದಲ್ಲ! ಇನ್ನೂ ಅಲ್ಲೇ ಅದಾಳೇನು? ಬಿಚ್ಚರಿ, ಬಿಚ್ಚರಿ" ಎಂದು ಒಳಗೆ ಊಟಕ್ಕೆ ಹೋದ.

ಮನೆಯಂಗಳದಲ್ಲಿ ಮಗಳನ್ನು ಮಲಗಿಸಿಕೊಂಡು ಉಡಚವ್ವ ಗಂಟು ಹುಡುಕಿದಳು. ರೆಪ್ಪೆ ಬಾತು ಹುಣ್ಣಾಗಿತ್ತು. ಕರಿ ಕೂದಲು ಕರಿ ರೆಪ್ಪೆಗೂದಲಲ್ಲಿ ಬೆರೆತುಹೋಗಿತ್ತು. ಹೊರಗೆ ಬಿಟ್ಟೆನೆಂದುಕೊಂಡಿದ್ದ ಗಂಟು ಹೊರಗೆ ಇರಲಿಲ್ಲ. ಮನಸ್ಸು ಒಂದು ಹೇಳಿದ್ದರೆ, ನಲವತ್ತು ವರ್ಷ ಕೌದಿ ಹೊಲಿದ ಬೆರಳು ತನ್ನ ರೂಢಿಯಂತೆ ಗಂಟನ್ನು ಒಳಮಡಿಕೆಗೆ ನುಂಗಿಸಿಬಿಟ್ಟಿತ್ತು. ಅಷ್ಟು ಚೆಂದದ ಹೊಲಿಗೆ ಅವಳು ಬದುಕಿನಲ್ಲಿ ಹಾಕಿರಲಿಲ್ಲ. ಸೂಜಿಯ ಮೊನೆಯಿಂದ ಕೆದಕಿದಳು, ಕೀವು ಬಂತು. ಉಗುರಿನಿಂದ ಕೆದಕಿದಳು, ನೆತ್ತರು ಬಂತು. ಕೂದಲು ತೊಗಲೊಳಗೆ ಇಳಿದಿತ್ತು. ಕೆದಕಿದಷ್ಟೂ ಕಣ್ಣು ಒಳಗೇ ಹಾಳಾಗುತ್ತ ಹೋಯಿತು. ಕೊನೆಗೆ ಹೊಳೆವ್ವನೇ ತಾಯಿಯ ಕೈ ಹಿಡಿದು, "ಬಿಡು ಯವ್ವಾ, ಸಿಗೂದಿಲ್ಲ" ಎಂದಳು.

ಮದುವೆ ಮುರಿದುಹೋಯಿತು, ಹೇಳಬೇಕಾದದ್ದೇ ಇಲ್ಲ. ದೇಸಾಯಿಗೆ ಏನಾಯಿತು ಎಂದು ಕೇಳುವವರು ಇದ್ದೇ ಇರುತ್ತಾರೆ. ಹಾವು ಕಚ್ಚಲಿಲ್ಲ, ಸಿಡಿಲು ಬಡಿಯಲಿಲ್ಲ. ಹಲ್ಲು ಉದುರುವವರೆಗೆ ಬದುಕಿದ, ಮೊಮ್ಮಕ್ಕಳ ನಡುವೆ ಸತ್ತ. ಹೊಳೆವ್ವನ ಕಣ್ಣು ಹೋದ ಮರುವರ್ಷ ಹಕ್ಕಿ ಬಂದಾಗ ಅವನು ಜಟ್ಟೆಪ್ಪನನ್ನು ಮತ್ತೆ ಉಡಚವ್ವನ ಮನೆಗೆ ಕಳಿಸಿದ್ದ. ಅವಳು ಸೂಜಿಯ ಡಬ್ಬಿಯನ್ನು ಕೆರೆಗೆ ಎಸೆದಿದ್ದಳು. "ಸೂಜಿ ಇಲ್ಲಪ್ಪ" ಎಂದಳು. ಪಕ್ಕದ ಮನೆಯಲ್ಲಿ ಕೇಳಿದರೆ ಅಲ್ಲಿಯೂ ಇಲ್ಲ. ಅದರ ಪಕ್ಕದ ಮನೆಯಲ್ಲಿಯೂ ಇಲ್ಲ. ಹಿಂದಿನ ವರ್ಷ ಏರಿಯ ಮೇಲಿಂದ ಎದ್ದು ಹೋಗದಿದ್ದ ಹೆಂಗಸರೇ ಎಲ್ಲರೂ. ವಾಡೆಯವರು ಗೋಡೆಯ ಮಾಡ, ಗಡಿಗೆ, ತೊಟ್ಟಿಲು ಎಲ್ಲ ತಡಕಿದರು. ಊರಿನಲ್ಲಿ ಒಂದು ಸೂಜಿ ಸಿಗಲಿಲ್ಲ. ಸೂಜಿ ಇದ್ದವರ ಬಟ್ಟೆ ಹೊಲಿದಿರುತ್ತದೆ ಎಂದು ಜಟ್ಟೆಪ್ಪ ಮೈಮೇಲಿನ ಬಟ್ಟೆ ನೋಡಲು ಶುರು ಮಾಡಿದಾಗ, ಹೆಂಗಸರು ಗಟ್ಟಿ ಇದ್ದ ಕುಪ್ಪಸವನ್ನೂ ಹರಿದು ಗಂಟು ಕಟ್ಟಿಕೊಂಡರು. ಆಳುಗಳು ದಬ್ಬಳದಿಂದ ಹೊಲಿದ ಹಕ್ಕಿಗಳು ಮತ್ತೆ ಸತ್ತವು, ಕರೆಯುವವರಿಲ್ಲದೆ ಉರುಲು ಖಾಲಿ ಉಳಿಯಿತು, ನಾಲ್ಕೈದು ವರ್ಷದಲ್ಲಿ ಬೀಗರು ಬರುವುದನ್ನು ಬಿಟ್ಟರು. ಕೆರೆಹಬ್ಬ ಹಾಗೆ ನಿಂತಿತು. ಕೆರೆಗೆ ಮೊದಲು ಬೇರೇನೋ ಹೆಸರು ಇತ್ತು, ಅದು ಈಗ ಯಾರಿಗೂ ಗೊತ್ತಿಲ್ಲ.

ಈಗಲೂ ಹಕ್ಕಿ ಹಬ್ಬಕ್ಕೆ ಬಂದವರು ಸೂಡಿಹಾಳದ ಓಣಿಯಲ್ಲಿ ನಡೆದರೆ ನೋಡಬಹುದು. ಹರಿದ ಸೆರಗಿಗೆ ಗಂಟು, ಅಂಗಿಯ ಕಿತ್ತ ಗುಂಡಿಯ ಜಾಗಕ್ಕೆ ಹುರಿ, ಮಕ್ಕಳ ಚೀಲಕ್ಕೆ ಬಾಳೆನಾರು. ಮೊದಲ ಹಕ್ಕಿ ಇಳಿದ ದಿನದಿಂದ ಕೊನೆಯ ಹಕ್ಕಿ ಏಳುವ ದಿನದವರೆಗೆ ಆ ಊರಿನಲ್ಲಿ ಸೂಜಿ ಮುಟ್ಟುವುದಿಲ್ಲ. ದರ್ಜಿಯೂ ಮಿಷಿನ್ನಿಗೆ ಗೋಣಿ ಹೊದಿಸಿ ಹೊಲಕ್ಕೆ ಹೋಗುತ್ತಾನೆ. ಪಟ್ಟಣದವರು ಬಡವರೆಂದು ಕನಿಕರಪಟ್ಟು ಹಳೆ ಬಟ್ಟೆಯ ಗಂಟು ತಂದುಕೊಡುತ್ತಾರೆ, ಊರಿನವರು ಬೇಡವೆನ್ನದೆ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ದುರ್ಬೀನಿನ ಪಟ್ಟಿ ಹರಿದ ಹೆಣ್ಣುಮಗಳೊಬ್ಬಳು ಮನೆಮನೆಗೆ ಹೋಗಿ ಸೂಜಿ ದಾರ ಕೇಳಿದಳು. ಯಾರೂ ಕಾರಣ ಹೇಳಲಿಲ್ಲ. ಕೊನೆಯ ಮನೆಯ ಮುದುಕಿ ಮಾತ್ರ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, "ಇಟ್ಟು ಹೋಗವ್ವಾ. ಹಕ್ಕಿ ಹ್ವಾದ ಮ್ಯಾಲ ಹೊಲದು ಇಟ್ಟಿರ್ತೀನಿ" ಎಂದಳು.