ಜೆಪಿಜಿ ಆದ ದ್ಯಾಮವ್ವ

ಕೆಳಗಿನ ಓಣಿಯಲ್ಲಿ ದ್ಯಾಮವ್ವ ಅಂತ ಒಬ್ಬಾಕೆ ಇದ್ದಳು. ಆಕೆ ಸೋಬಾನೆ ಪದ ಹಾಡಲು ಕುಳಿತರೆ ಬೀಗರು ಊಟ ಬಿಟ್ಟು ಕೇಳುತ್ತಿದ್ದರು. ಆಕೆಗೆ ಒಬ್ಬನೇ ಮಗ, ಗುದ್ಲೆಪ್ಪ. ಹೇಳಿದ ಮಾತು ಮೀರುವವನಲ್ಲ. ಅದೇ ಆಕೆಗೆ ಸಂಕಟ.

ತಾಲೂಕಿನ ಹಾಡುಗಾರರ ಮೇಳಕ್ಕೆ ದ್ಯಾಮವ್ವನನ್ನು ಕರೆದರು. ಪೋಸ್ಟರಿನಲ್ಲಿ ಆಕೆಯ ಮುಖ ಅಚ್ಚಾಗಬೇಕು. ಜೀವಮಾನದಲ್ಲಿ ಎಲ್ಲೂ ಅಚ್ಚಾಗದ ಮುಖ ಅದು. ಗುದ್ಲೆಪ್ಪ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ. ಕಮಿಟಿಯವರು ತಿರುಗಿ ಫೋನ್ ಮಾಡಿದರು.

"ಈ ಫೋಟೋ ನಮ್ಮಲ್ಲಿ ತೆರೆಯೂದಿಲ್ರಿ. ಜೆಪಿಜಿಗೆ ಬದಲಿಸಿ ಕಳಸ್ರಿ. ನಾಳೆ ಮುಂಜಾನೆ ಅಚ್ಚಿಗೆ ಹೊಕ್ಕೈತಿ!"

ದ್ಯಾಮವ್ವ ಮಗನಿಗೆ ಹೇಳಿದಳು, "ಗುದ್ಲ್ಯಾ, ಫೋಟೋ ಬದಲಿ ಮಾಡ್ಕೊಂಡು ಬಾರಲೇ!"

ಹೋದ. ಬಂದ.

"ಬದಲಿ ಮಾಡೀನವ್ವಾ!"

ನೋಡಿದರೆ ಫೋನಿನಲ್ಲಿ ಪಕ್ಕದ ಮನೆಯ ಗಂಗವ್ವ ನಗುತ್ತಿದ್ದಾಳೆ.

"ಅಯ್ಯ ನಿನ್ನ! ಮಂದಿ ಮುಖ ಯಾಕ ತಂದಿ? ನನ್ನ ಫೋಟೋನ ಇರಬೇಕು. ಅದರ ರೂಪ ಅಷ್ಟ ಬದಲಾಗಬೇಕು!"

"ಹಂಗ ಮೊದಲ ಹೇಳಬಾರದೇನವ್ವಾ!"

ಹೋದ. ಸ್ಟುಡಿಯೋದವನಿಗೆ, "ನಮ್ಮವ್ವನ ರೂಪ ಬದಲಿ ಮಾಡ್ರಿ" ಅಂದ. ಬಂದ.

"ಇವ ಯಾರಲೇ, ರುಮಾಲು ಸುತ್ತಿದಾಂವ? ಮೀಸಿ ನೋಡು, ಎಷ್ಟ ದಪ್ಪ ಐತಿ!"

"ನೀನ ಅವ್ವಾ."

ದ್ಯಾಮವ್ವ ಹಣೆ ಬಡಿದುಕೊಂಡು, ಎದುರು ಮನೆಯಲ್ಲಿದ್ದ ಶಾಲೆಯ ಪಾರ್ವತಿ ಅಕ್ಕೋರನ್ನು ಕೇಳಿ ಬಂದಳು. "ಮುಖ ಮುಟ್ಟಬ್ಯಾಡಲೇ! ಹೆಸರಿನ ಕೊನೀಗೆ ಜೆಪಿಜಿ ಅಂತ ಬರಬೇಕಂತ. ಅಷ್ಟ!"

"ಅಷ್ಟ? ಅದೇನ್ ದೊಡ್ಡ ಕೆಲಸ!"

ಗುದ್ಲೆಪ್ಪ ಕಮಿಟಿಗೆ ಫೋನ್ ಹಚ್ಚಿದ. "ನಮ್ಮವ್ವನ ಹೆಸರು ದ್ಯಾಮವ್ವ ಜೆಪಿಜಿ ಅಂತ ಹಾಕ್ರಿ."

"ಅದೇನ್ರಿ, ಡಿಗ್ರೀನ?"

"ಹೌದ್ರಿ. ಇವತ್ತ ಆತು."

ಕಮಿಟಿಯವರು ದ್ಯಾಮವ್ವನಿಗೆ ಶುಭಾಶಯ ಹೇಳಿದರು. ಆಕೆ ಎರಡೂ ಕೆನ್ನೆಗೆ ಕೈ ಹಚ್ಚಿ ಕುಳಿತಳು. ಹೊತ್ತು ಇಳಿಯುತ್ತಿತ್ತು.

ಕಡೆಗೆ ಅಕ್ಕೋರೇ ಮನೆಗೆ ಬಂದರು. ಫೋನಿನಲ್ಲಿ ಬ್ರೌಸರ್ ತೆರೆದು ಒಂದು ಪುಟ ತೋರಿಸಿದರು. "ಗುದ್ಲೆಪ್ಪಾ, ಇಲ್ಲಿ ಫೋಟೋ ಆರಿಸು. ಇಲ್ಲಿ ಜೆಪಿಜಿ ಒತ್ತು. ಇಲ್ಲಿ ಇಳಿಸ್ಕೋ. ಎಲ್ಲಾ ಫೋನಿನಾಗ ಆಗತೈತಿ."

ದ್ಯಾಮವ್ವನಿಗೆ ಅಂಜಿಕೆ. "ಅಕ್ಕೋರೆ, ನನ್ನ ಮುಖ ಯಾರ್ಯಾರದೋ ಕಂಪ್ಯೂಟರಿಗೆ ಹೊಕ್ಕೈತೇನ್ರಿ?"

"ಇಲ್ಲಬೇ. ಈ ಪುಟದಾಗ ಮಾಡಿದ್ರ ಫೋಟೋ ಫೋನ್ ಬಿಟ್ಟು ಹೊರಗ ಹೋಗೂದಿಲ್ಲ. ನೆಟ್ ಬಂದ್ ಮಾಡಿದ್ರೂ ಕೆಲಸ ಆಗತೈತಿ, ನೋಡು ಬೇಕಾದ್ರ."

"ಕೇಳಿದಿಯೇನಲೇ?" ಅಂದಳು ದ್ಯಾಮವ್ವ. "ಫೋಟೋ ಫೋನ್ ಬಿಟ್ಟು ಹೋಗಬಾರದು!"

"ಹೋಗಬಾರದು!" ಅಂದ ಗುದ್ಲೆಪ್ಪ.

ಆರಿಸಿದ. ಒತ್ತಿದ. ಇಳಿಸಿದ. ಜೆಪಿಜಿ ಬಂತು! ಅದೇ ಮುಖ, ಅದೇ ಕುಂಕುಮ, ಮೀಸೆ ಇಲ್ಲ. ದ್ಯಾಮವ್ವನ ಕಣ್ಣಲ್ಲಿ ನೀರು ಬಂತು. ಮಗನ ತಲೆ ಸವರಿ, "ಶಾಣ್ಯಾ ಆದಿ ನನ್ನಪ್ಪಾ. ಇನ್ನ ಇದನ್ನ ಕಮಿಟಿಯವರಿಗೆ ಕಳಸು" ಅಂದಳು. ಅಕ್ಕೋರಿಗೆ ಚಹಾ ಇಡಲು ಒಳಗೆ ಹೋದಳು.

ಗುದ್ಲೆಪ್ಪ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕೈ ಬೀಸಿಕೊಂಡು ಬಂದ.

"ಕಳಿಸಿದಿಯೇನಪ್ಪಾ?"

"ಕಳಿಸಿದೆ. ಫೋನ್ ಬಿಟ್ಟು ಹೋಗಿಲ್ಲವ್ವಾ."

"ಫೋನ್ ಎಲ್ಲಿ?"

"ಫೋಟೋದ ಸಂಗಾಟ ಹೋತು. ಸಂಜಿ ಬಸ್ಸಿಗೆ."

ಅಕ್ಕೋರು ಚಹಾ ಕಪ್ಪು ಕೆಳಗಿಟ್ಟರು.

"ಕಂಡಕ್ಟರ್ ಲಗೇಜ್ ಟಿಕೀಟು ಕೇಳಿದ. 'ಒಳಗ ನಮ್ಮವ್ವ ಅದಾಳ್ರಿ, ಹೆಂಗಸರಿಗೆ ಬಸ್ಸು ಫ್ರೀ ಅಲ್ಲೇನ್ರಿ?' ಅಂದೆ. ಆಧಾರ್ ಕಾರ್ಡ್ ಎಲ್ಲಿ ಅಂದ. ಫೋನಿನ ಕವರಿನಾಗ ನಿನ್ನ ಕಾರ್ಡ್ ಇತ್ತಲ್ಲ, ತೋರಿಸಿದೆ. ಸುಮ್ಮಾದ."

ದ್ಯಾಮವ್ವ ಬಾಗಿಲಿಗೆ ಓಡಿ ಬಸ್ಸು ಹೋದ ದಾರಿ ನೋಡಿದಳು. ಅವ್ವನಿಗೆ ಪ್ರಯಾಣದ ಚಿಂತೆ ಹತ್ತಿರಬೇಕೆಂದು ಗುದ್ಲೆಪ್ಪ ಆಕೆಯ ಬೆನ್ನು ಸವರಿದ.

"ಅಂಜಬ್ಯಾಡವ್ವಾ. ಗದ್ದಲಾ ಭಾಳ ಇತ್ತು. ಆದ್ರೂ ಒಬ್ಬ ಮುದುಕನ್ನ ಎಬ್ಬಿಸಿ ನಿನ್ನ ಕುಂಡ್ರಿಸಿ ಬಂದೀನಿ. ಕಿಟಕಿ ಕಡೆ ಸೀಟು!"